ಜಿಪಿಎಸ್ ಓಟದ ಗಡಿಯಾರ: ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಬಳಕೆ

ಜಿಪಿಎಸ್ ಓಟದ ಗಡಿಯಾರವೆಂದರೆ ಓಡಿದ ದೂರ ಮತ್ತು ವೇಗವನ್ನು ಉಪಗ್ರಹಗಳ ಸಂಕೇತದಿಂದಲೂ, ಅದೇ ಹೊತ್ತಿನ ಹೃದಯ ಬಡಿತವನ್ನು ಮಣಿಕಟ್ಟಿನ ಬೆಳಕಿನ ಸಂವೇದಕದಿಂದ ಇಲ್ಲವೇ ಎದೆಗೆ ಕಟ್ಟುವ ಪಟ್ಟಿಯಿಂದಲೂ ಅಳೆದು ತೋರಿಸುವ ಕೈಗಡಿಯಾರ. ದೂರ ಮತ್ತು ಬಡಿತ ಒಂದೇ ಪರದೆಯಲ್ಲಿ ಕಂಡರೂ ಇವೆರಡೂ ಬೇರೆ ಬೇರೆ ಅಳತೆಗಳು. ಒಂದಕ್ಕೆ ತೆರೆದ ಆಕಾಶ ಬೇಕು, ಇನ್ನೊಂದಕ್ಕೆ ಚರ್ಮದ ಅಡಿಯ ರಕ್ತ. ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಮೊದಲನೆಯದು ಬಹುತೇಕ ಸಲೀಸಾಗಿ ಸಿಗುತ್ತದೆ. ಎರಡನೆಯದನ್ನು ನಂಬುವ ಮೊದಲು ಸ್ವಲ್ಪ ಕಲಿಯಬೇಕು.

ನೆಲ ಮತ್ತು ಓಡುವವರು

ಮೂರೂ ಊರುಗಳು 150ಎ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ದಕ್ಷಿಣದಲ್ಲಿ ಸಿಂಧನೂರು, ನಡುವೆ ಮಸ್ಕಿ, ಉತ್ತರಕ್ಕೆ ಲಿಂಗಸುಗೂರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಸಿಂಧನೂರು ಭತ್ತದ ಸೀಮೆ. ಸಮತಟ್ಟಾದ ಎರೆಭೂಮಿ, ಅಡ್ಡಾದಿಡ್ಡಿ ಹರಡಿದ ವಿತರಣಾ ಕಾಲುವೆಗಳು, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು, ಪೂರ್ವ ಬಂಗಾಳದ ನಿರಾಶ್ರಿತರಿಗೆ ಕಟ್ಟಿಕೊಟ್ಟ ಆರ್.ಎಚ್. ಕ್ಯಾಂಪುಗಳು ಇಲ್ಲಿನ ಗುರುತು. ಮಸ್ಕಿಯಲ್ಲಿ ನೆಲ ಏಳುತ್ತದೆ. ಬೆಣಚು ಬಂಡೆಗಳ ಗುಡ್ಡ, ಅದರ ಮೇಲೆ ಮಲ್ಲಯ್ಯನ ಗುಡಿ, ತಪ್ಪಲಿನಲ್ಲಿ ಅಶೋಕನ ಶಾಸನದ ಬಂಡೆ. ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಗುರುತಿಸಿದ ಈ ಶಾಸನದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರೂ ಇತ್ತು. ಲಿಂಗಸುಗೂರು ಹಿಂದೆ ದಂಡಿನ ಛಾವಣಿಯಾಗಿದ್ದ ಊರು. ಆ ತಾಲ್ಲೂಕಿನಲ್ಲೇ ಮುದಗಲ್ಲಿನ ಕೋಟೆ, ಹಟ್ಟಿಯ ಚಿನ್ನದ ಗಣಿ, ಕೃಷ್ಣೆಯ ಅಂಚಿನ ಏರುಪೇರು ನೆಲ ಇವೆ.

ಬೆಂಗಳೂರಿನಲ್ಲಿ ಈ ಗಡಿಯಾರ ಹೆಚ್ಚಾಗಿ ಕಾಣುವುದು ಮ್ಯಾರಥಾನ್ ಓಡುವವರ ಕೈಯಲ್ಲಿ. 2008ರಲ್ಲಿ ಆರಂಭವಾದ 10ಕೆ ಓಟದಂಥ ಸ್ಪರ್ಧೆಗಳು ಅಲ್ಲಿ ಆ ಅಭ್ಯಾಸವನ್ನು ಬೆಳೆಸಿದವು. ಈ ಕಡೆಯ ಓಟಕ್ಕೆ ಕಾರಣ ಬೇರೆ. ಬೆಳಗಿನ ಜಾವ ಕಾಲೇಜು ಮೈದಾನದಲ್ಲೋ ಕಾಲುವೆ ಏರಿಯ ಮೇಲೋ ಓಡುವ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿ ‘ಫಿಸಿಕಲ್’, ಅಂದರೆ ನೇಮಕಾತಿಯ ದೈಹಿಕ ಪರೀಕ್ಷೆ, ಪಾಸಾಗಲು ಓಡುವವರು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು ರಾಯಚೂರು ಸೇರಿದ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲು ಸಿಕ್ಕ ಮೇಲೆ ಪೊಲೀಸ್ ನೇಮಕಾತಿಯ ಆಸೆ ಇಲ್ಲಿ ಇನ್ನಷ್ಟು ಗಟ್ಟಿಯಾಗಿದೆ. ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಪುರುಷರ 1600 ಮೀಟರಿಗೆ 7 ನಿಮಿಷ. ಅಗ್ನಿವೀರ ರ್‍ಯಾಲಿಯಲ್ಲಿ 1.6 ಕಿ.ಮೀ.ಯನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ 60 ಅಂಕ. ಕೇಂದ್ರ ಪಡೆಗಳ ಜಿ.ಡಿ. ಕಾನ್‌ಸ್ಟೆಬಲ್ ಆಯ್ಕೆಯಲ್ಲಿ ಪುರುಷರಿಗೆ 5 ಕಿ.ಮೀ., 24 ನಿಮಿಷ. ಈ ಸೀಮೆಯಲ್ಲಿ ಗಡಿಯಾರದ ಉಪಯೋಗವನ್ನು ಅಳೆಯಬೇಕಾದದ್ದು ಈ ಅಂಕಿಗಳ ಎದುರು.

ದೂರವನ್ನು ಅಳೆಯುವ ಬಗೆ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದ್ದು, ಅದು ತನ್ನ ಸಮಯವನ್ನೂ ಸ್ಥಾನವನ್ನೂ ಎಡೆಬಿಡದೆ ಬಿತ್ತರಿಸುತ್ತದೆ. ನೇರ ತಲೆಯ ಮೇಲಿನ ಉಪಗ್ರಹದ ಸಂಕೇತ ಕೈಗಡಿಯಾರವನ್ನು ಮುಟ್ಟಲು ಒಂದು ಸೆಕೆಂಡಿನ ನೂರರಲ್ಲಿ ಏಳು ಪಾಲಿನಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹ ಎಷ್ಟು ದೂರದಲ್ಲಿದೆ ಎಂಬುದು ಸಿಗುತ್ತದೆ. ಇಂಥ ನಾಲ್ಕು ಉಪಗ್ರಹಗಳ ದೂರ ಗೊತ್ತಾದರೆ ಓಟಗಾರ ನಿಂತ ಜಾಗವೂ, ಕೈಗಡಿಯಾರದೊಳಗಿನ ಅಗ್ಗದ ಸ್ಫಟಿಕ ಗಡಿಯಾರ ಎಷ್ಟು ತಪ್ಪಿದೆ ಎಂಬುದೂ ಲೆಕ್ಕಕ್ಕೆ ಬರುತ್ತವೆ. ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ಜಾಗ 300 ಮೀಟರ್ ತಪ್ಪುತ್ತದೆ.

ಅಮೆರಿಕ ನಾಗರಿಕ ಬಳಕೆಯ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ಕ್ರಮವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ತಪ್ಪು ಸಾಮಾನ್ಯವಾಗಿದ್ದುದರಿಂದ ಓಟದ ಗಡಿಯಾರ ಎಂಬುದಕ್ಕೆ ಅರ್ಥವೇ ಇರಲಿಲ್ಲ. ಗಾರ್ಮಿನ್ ಕಂಪನಿಯ ಮೊದಲ ಫೋರ್‌ರನ್ನರ್ ಗಡಿಯಾರಗಳು ಬಂದದ್ದು 2003ರಲ್ಲಿ. ಇಂದಿನ ಗಡಿಯಾರಗಳು ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಉಪಗ್ರಹಗಳನ್ನೂ ಹಿಡಿಯುತ್ತವೆ. ಭಾರತದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿತು. ಅದರ ಸಂಚಾರ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ಆರಂಭದ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ಆವರ್ತನ ಪಟ್ಟಿಗಳಲ್ಲಷ್ಟೇ ಮಾತಾಡುತ್ತಿದ್ದವು. ಸಾಮಾನ್ಯ ಕೈಗಡಿಯಾರಗಳ ಚಿಪ್‌ಗಳು ಕೇಳಿಸಿಕೊಳ್ಳುವ ಎಲ್1 ಪಟ್ಟಿಯನ್ನು 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಸೇರಿಸಲಾಯಿತು. ನಮ್ಮದೇ ಉಪಗ್ರಹದ ನೆರವಿನಲ್ಲಿ ನಮ್ಮ ಮಕ್ಕಳು ಓಡುವ ದಿನ ಹತ್ತಿರವಾದದ್ದು ಈ ಬದಲಾವಣೆಯಿಂದ.

ಸಿಂಧನೂರಿನ ಬಯಲು ಉಪಗ್ರಹ ಹಿಡಿಯಲು ಹೇಳಿ ಮಾಡಿಸಿದ ಜಾಗ. ಮುಗಿಲು ಅಂಚಿನಿಂದ ಅಂಚಿಗೆ ತೆರೆದಿದೆ. ಸಂಕೇತ ಬಡಿದು ಹಿಂದಿರುಗಲು ಎತ್ತರದ ಗಾಜಿನ ಕಟ್ಟಡಗಳಿಲ್ಲ, ಸುರಂಗಗಳಿಲ್ಲ. ಇಂಥಲ್ಲಿ ಒಳ್ಳೆಯ ಗಡಿಯಾರ ಮೂರರಿಂದ ಐದು ಮೀಟರ್ ಅಂತರದೊಳಗೆ ಜಾಗ ಹೇಳುತ್ತದೆ. ಮಸ್ಕಿಯ ಗುಡ್ಡದ ಬಂಡೆಗಳ ಸಂದಿಯಲ್ಲಿ, ಮುದಗಲ್ಲಿನ ಕೋಟೆಗೋಡೆಯ ಬುಡದಲ್ಲಿ ಗೆರೆ ಸ್ವಲ್ಪ ಅಲೆದಾಡುತ್ತದೆ. ಹಟ್ಟಿಯ ಗಣಿಯೊಳಗೆ ಇಳಿದರೆ ಸಂಕೇತವೇ ಇಲ್ಲ. ಈ ಅಲೆಗಳು ಬಂಡೆಯನ್ನು ದಾಟಲಾರವು. ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುವುದರಿಂದ ಸಂಕೇತ ಹಾದುಬರುವ ನಮ್ಮ ಮೇಲಿನ ವಾತಾವರಣದ ಪದರ, ಅಯಾನುಗೋಲ, ಸೂರ್ಯಾಸ್ತದ ನಂತರದ ಕೆಲವು ಗಂಟೆ ಕದಡಿರುತ್ತದೆ, ಅದರಲ್ಲೂ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ. ಎರಡು ಆವರ್ತನ ಪಟ್ಟಿಗಳನ್ನು ಒಟ್ಟಿಗೆ ಕೇಳುವ ಗಡಿಯಾರಗಳು ಅಯಾನುಗೋಲದಿಂದಾಗುವ ತಡವನ್ನು ಬಹುಪಾಲು ಕಳೆದುಹಾಕುತ್ತವೆ. ಬೆಳಗಿನ ಓಟಕ್ಕೆ ಈ ಕಾಟ ಕಡಿಮೆ.

ಓಟ ಶುರುಮಾಡುವ ಮುಂಚೆ ಗಡಿಯಾರ ಸಿದ್ಧ ಎನ್ನುವ ತನಕ ನಿಲ್ಲಬೇಕು. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಮರುಬಿತ್ತರಿಸುತ್ತದೆ. ಅದನ್ನು ಕೇಳಿಸಿಕೊಳ್ಳಲು ಅಷ್ಟಾದರೂ ಹೊತ್ತು ಬೇಕು. ಫೋನಿನ ಜೊತೆ ಹಿಂದಿನ ರಾತ್ರಿಯೇ ಹೊಂದಿಸಿಟ್ಟಿದ್ದರೆ ಈ ವಿವರ ಮೊದಲೇ ಇಳಿದಿರುತ್ತದೆ. ಕಾಯದೆ ಓಡಿದವರ ಮೊದಲ ಇನ್ನೂರು ಮೀಟರ್ ಲೆಕ್ಕದಲ್ಲಿ ಎಲ್ಲೋ ಕಳೆದುಹೋಗುತ್ತದೆ.

1600 ಮೀಟರಿನ ಲೆಕ್ಕ

ಉದ್ದನೆಯ ರಸ್ತೆಯಲ್ಲಿ ನಂಬಬಹುದಾದ ಗಡಿಯಾರ ಸಣ್ಣ ಮೈದಾನದಲ್ಲಿ ತಪ್ಪುವುದು ಸಹಜ. ಸೆಕೆಂಡಿಗೊಂದರಂತೆ ಗುರುತಿಸಿದ ಚುಕ್ಕಿಗಳನ್ನು ನೇರ ಗೆರೆಯಿಂದ ಜೋಡಿಸಿ ದೂರ ಕೂಡಿಸುವಾಗ ತಿರುವುಗಳು ಮೊಟಕಾಗುತ್ತವೆ. ಚುಕ್ಕಿಯ ಅಲೆದಾಟ ಮತ್ತೆಲ್ಲೋ ದೂರವನ್ನು ಹಿಗ್ಗಿಸುತ್ತದೆ. ಶಾಲೆ-ಕಾಲೇಜುಗಳಲ್ಲಿ ಸುಣ್ಣದ ಗೆರೆ ಎಳೆದ 200 ಮೀಟರಿನ ಮಣ್ಣಿನ ಟ್ರ್ಯಾಕಿನಲ್ಲಿ ಎಂಟು ಸುತ್ತು ಓಡಿದರೆ ತಿರುವುಗಳೇ ಹೆಚ್ಚು, ಆದ್ದರಿಂದ ತಪ್ಪೂ ಹೆಚ್ಚು. 1600 ಮೀಟರಿನಲ್ಲಿ ನೂರಕ್ಕೆ ಎರಡು ತಪ್ಪಿದರೆ 32 ಮೀಟರ್. ಆರೂವರೆ ನಿಮಿಷದ ವೇಗದಲ್ಲಿ ಅದು ಸುಮಾರು 8 ಸೆಕೆಂಡ್. ತಿಂಗಳುಗಟ್ಟಲೆ ‘6:25 ಬರ್ತೈತಿ’ ಎಂದುಕೊಂಡು ಓಡಿದವನು ನಿಜವಾದ ಟ್ರ್ಯಾಕಿನಲ್ಲಿ 6:33ಕ್ಕೆ ಗೆರೆ ಮುಟ್ಟಿದರೆ ಆ ವರ್ಷದ ನೌಕರಿ ಕೈತಪ್ಪಿತು.

ಕೆಲವು ಗಡಿಯಾರಗಳಲ್ಲಿ ‘ಟ್ರ್ಯಾಕ್’ ಎಂಬ ಪ್ರತ್ಯೇಕ ಆಯ್ಕೆಯಿದೆ. ಅದು ಪ್ರಮಾಣಿತ 400 ಮೀಟರ್ ಟ್ರ್ಯಾಕನ್ನು ಗುರುತಿಸಿ ಸುತ್ತುಗಳನ್ನು ಅದಕ್ಕೆ ಹೊಂದಿಸುತ್ತದೆ. ಮಣ್ಣಿನ 200 ಮೀಟರಿಗೆ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕಿಂತ ಸರಳವಾದ ದಾರಿಯೊಂದಿದೆ. ಜಮೀನು ಅಳೆಯುವ ಟೇಪು ಹಿಡಿದು ಮೈದಾನವನ್ನು ಒಮ್ಮೆ ಸರಿಯಾಗಿ ಅಳೆದು, ಒಳ ಅಂಚಿನಿಂದ 30 ಸೆಂ.ಮೀ. ಬಿಟ್ಟು ಓಡುವ ಗೆರೆ ಗೊತ್ತುಮಾಡಿ, ಪ್ರತಿ ಸುತ್ತಿಗೆ ಗಡಿಯಾರದ ಲ್ಯಾಪ್ ಗುಂಡಿ ಒತ್ತುವುದು. ಆಗ ದೂರ ನೆಲದ್ದು, ಸಮಯವಷ್ಟೇ ಗಡಿಯಾರದ್ದು. 400 ಮೀಟರ್ ಟ್ರ್ಯಾಕಾದರೆ 6:30ಕ್ಕೆ ಸುತ್ತಿಗೆ 97.5 ಸೆಕೆಂಡ್, 7 ನಿಮಿಷಕ್ಕೆ 105, ಅಗ್ನಿವೀರರ ಐದೂವರೆ ನಿಮಿಷಕ್ಕೆ 82.5. ಗುಂಪಿನಲ್ಲಿ ಓಡುವಾಗ ಒಳಸಾಲು ಸಿಗದೆ ಎರಡನೇ ಸಾಲಿನಲ್ಲೇ ಉಳಿದರೆ ಸುತ್ತಿಗೆ ಏಳು ಮೀಟರಿಗಿಂತ ತುಸು ಹೆಚ್ಚು ದೂರ ಸೇರುತ್ತದೆ, ನಾಲ್ಕು ಸುತ್ತಿಗೆ ಸುಮಾರು 28 ಮೀಟರ್. ಇದನ್ನು ಯಾವ ಗಡಿಯಾರವೂ ಎಚ್ಚರಿಸಿ ಹೇಳುವುದಿಲ್ಲ, ಓಟಗಾರನೇ ನೆನಪಿಡಬೇಕು.

5 ಕಿ.ಮೀ. ಓಟಕ್ಕೆ ಮಾತ್ರ ಜಿಪಿಎಸ್ ನಿಜಕ್ಕೂ ಒಳ್ಳೆಯ ಜೊತೆಗಾರ. ಕಾಲುವೆ ಏರಿಯ ನೇರ ದಾರಿಯಲ್ಲಿ ತಪ್ಪು ಕಡಿಮೆ; 24 ನಿಮಿಷದ ಗುರಿಗೆ ಕಿಲೊಮೀಟರಿಗೆ 4 ನಿಮಿಷ 48 ಸೆಕೆಂಡಿನ ವೇಗ ಕಾಯ್ದುಕೊಳ್ಳಲು ಮಣಿಕಟ್ಟಿನ ಅಂಕಿ ನೆರವಾಗುತ್ತದೆ. ಕ್ಷಣದ ವೇಗ ಕುಣಿಯುತ್ತಿರುತ್ತದೆ. ಆ ಕಿಲೊಮೀಟರಿನ ಸರಾಸರಿ ವೇಗವನ್ನು ನೋಡುವುದು ಮೇಲು. ಹೆದ್ದಾರಿಯ ಅಂಚು ಇದಕ್ಕೆ ತಕ್ಕ ಜಾಗವಲ್ಲ. ಭತ್ತದ ಲಾರಿ, ಟ್ರ್ಯಾಕ್ಟರ್ ಟ್ರೇಲರುಗಳು ನಸುಕಿನಲ್ಲೇ ಓಡಾಡುವ ರಸ್ತೆಯಲ್ಲಿ ಗಡಿಯಾರ ನೋಡುತ್ತ ಓಡುವುದು ಜೀವಕ್ಕೆ ಎರವು. ಮಳೆಗಾಲದಲ್ಲಿ ಎರೆಮಣ್ಣು ಬೂಟಿಗೆ ಮೆತ್ತಿ ಏರಿಯ ಮೇಲೆ ಕಾಲೆತ್ತಲಾಗದಿದ್ದರೆ ಮೈದಾನದಲ್ಲೇ ಸುತ್ತುವುದು ವಾಸಿ.

ಬಡಿತವನ್ನು ಅಳೆಯುವ ಬಗೆ

ಹೃದಯದ ವಿದ್ಯುತ್ತನ್ನು ಬರೆದಿಡುವ ಉಪಕರಣವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದವನು ಡಚ್ ವಿಜ್ಞಾನಿ ವಿಲ್ಲೆಮ್ ಐಂಥೋವನ್. ಅದಕ್ಕಾಗಿ ಅವನಿಗೆ 1924ರ ನೊಬೆಲ್ ಸಂದಿತು. ಅದನ್ನು ಓಡುವವನ ಎದೆಗೆ ತಂದದ್ದು ಫಿನ್ಲೆಂಡ್. ಔಲು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸೆಪ್ಪೊ ಸಾಯ್ನಾಯಾಕಂಗಸ್ 1977ರಲ್ಲಿ ಪೋಲಾರ್ ಕಂಪನಿ ಕಟ್ಟಿದರು. 1982ರಲ್ಲಿ ಅದರ ನಿಸ್ತಂತು ಬಡಿತ ಮಾಪಕ ಮಾರುಕಟ್ಟೆಗೆ ಬಂತು. ಎದೆಪಟ್ಟಿ ಇಂದಿಗೂ ಅದೇ ತತ್ವದ್ದು: ತೇವ ಮಾಡಿದ ಎರಡು ವಿದ್ಯುದ್ವಾರಗಳು ಪ್ರತಿ ಬಡಿತದ ವಿದ್ಯುತ್ತನ್ನು ಹಿಡಿದು ಗಡಿಯಾರಕ್ಕೆ ಕಳಿಸುತ್ತವೆ.

ಮಣಿಕಟ್ಟಿನ ಅಳತೆ ಬೆಳಕಿನದು. ಗಡಿಯಾರದ ಬೆನ್ನಿನ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಡುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸಿರನ್ನು ಚೆನ್ನಾಗಿ ಹೀರುವುದರಿಂದ ಪ್ರತಿ ಬಡಿತಕ್ಕೂ ನಾಳ ಉಬ್ಬಿದಾಗ ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ, ಆ ಏರಿಳಿತವನ್ನು ಸಂವೇದಕ ಎಣಿಸುತ್ತದೆ. ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ 1930ರ ದಶಕದಲ್ಲಿ ವಿವರಿಸಿದ ಈ ವಿಧಾನ ಓಟದ ಗಡಿಯಾರಗಳಲ್ಲಿ ನೆಲೆಯೂರಿದ್ದು ತೀರ ಈಚೆಗೆ, 2010ರ ದಶಕದಲ್ಲಿ.

ಕೂತಾಗ ಚೆನ್ನಾಗಿ ಎಣಿಸುವ ಈ ಸಂವೇದಕ ಕೈ ಬೀಸಿ ಓಡುವಾಗ ಎಡವುತ್ತದೆ. ಓಡುವವರ ಹೆಜ್ಜೆ ನಿಮಿಷಕ್ಕೆ 160ರಿಂದ 180. ಗಡಿಯಾರ ಸಡಿಲವಾಗಿದ್ದರೆ ಪ್ರತಿ ಹೆಜ್ಜೆಗೂ ಕುಲುಕಿ, ಸಂವೇದಕ ಹೆಜ್ಜೆಯನ್ನೇ ಬಡಿತವೆಂದು ಎಣಿಸತೊಡಗುತ್ತದೆ. ನಿಧಾನವಾಗಿ ಓಡುತ್ತ ಪಕ್ಕದವರೊಡನೆ ಮಾತಾಡುತ್ತಿರುವಾಗಲೂ 172 ಎಂದು ಅಲುಗದೆ ನಿಂತ ಅಂಕಿ ಕಂಡರೆ ಅದು ಬಹುಶಃ ಹೆಜ್ಜೆಯ ಎಣಿಕೆ. ಅನುಮಾನ ಬಂದಾಗ ನಿಂತು, ಕೊರಳ ನಾಡಿಯನ್ನು ಬೆರಳಿನಿಂದ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ ನೋಡಬೇಕು. ಪಟ್ಟಿಯನ್ನು ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ, ರಕ್ತ ಕಟ್ಟದಷ್ಟು ಸಡಿಲವಾಗಿ ಕಟ್ಟಬೇಕು. ಬಳೆ, ದೇವರ ದಾರ, ತಾಯಿತ ಅದೇ ಕೈಯಲ್ಲಿದ್ದರೆ ಗಡಿಯಾರವನ್ನು ಎತ್ತಿಹಿಡಿದು ಹೊರಬೆಳಕನ್ನು ಒಳಬಿಡುತ್ತವೆ; ಇನ್ನೊಂದು ಕೈಗೆ ಕಟ್ಟುವುದು ಸುಲಭ. ಹಚ್ಚೆ ಇರುವ ಜಾಗದಲ್ಲಿ ಅಳತೆ ಕೆಡಬಹುದು. ಡಿಸೆಂಬರಿನ ಚಳಿಯಲ್ಲಿ ಕೈಯ ನಾಳಗಳು ಕುಗ್ಗಿರುವುದರಿಂದ ಮೊದಲ ಹತ್ತು ನಿಮಿಷದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಓಟ ಮುಗಿದ ಮೇಲೆ ಬೆವರಿನ ಉಪ್ಪನ್ನು ತೊಳೆದು ಒರೆಸದಿದ್ದರೆ ಪಟ್ಟಿಯಡಿಯ ಚರ್ಮ ಕೆಂಪಾಗಿ ತುರಿಸುತ್ತದೆ. ವೇಗದ ತುಂಡು ಓಟಗಳನ್ನು ಗಂಭೀರವಾಗಿ ಮಾಡುವವರಿಗೆ ಎದೆಪಟ್ಟಿಯೇ ಸರಿ.

ಅಂಕಿ ಏನು ಹೇಳುತ್ತದೆ

ಗರಿಷ್ಠ ಬಡಿತವನ್ನು 220ರಿಂದ ವಯಸ್ಸು ಕಳೆದು ಹೇಳುವ ರೂಢಿ 1970ರ ದಶಕದ ಆರಂಭದ್ದು. 2001ರಲ್ಲಿ ಟನಾಕಾ ಮತ್ತು ಸಂಗಡಿಗರು ಕೊಟ್ಟ ಸೂತ್ರದಲ್ಲಿ ವಯಸ್ಸಿನ 0.7 ಪಾಲನ್ನು 208ರಿಂದ ಕಳೆಯಬೇಕು. 22 ವರ್ಷದವರಿಗೆ ಮೊದಲನೆಯದು 198, ಎರಡನೆಯದು ಸುಮಾರು 193 ಎನ್ನುತ್ತದೆ. ಎರಡೂ ಸರಾಸರಿಗಳೇ, ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಆಗುವುದು ತೀರ ಸಾಮಾನ್ಯ. ಫಿನ್ಲೆಂಡಿನ ಮಾರ್ಟಿ ಕಾರ್ವೊನೆನ್ 1957ರಲ್ಲಿ ತೋರಿಸಿದ ದಾರಿಯಲ್ಲಿ ವಿಶ್ರಾಂತಿಯ ಬಡಿತವೂ ಲೆಕ್ಕಕ್ಕೆ ಬರುತ್ತದೆ. ಬೆಳಗ್ಗೆ ಏಳುವ ಮುನ್ನ 60, ಗರಿಷ್ಠ 193 ಇದ್ದವರಿಗೆ ನಡುವಿನ 133ರ ಅರವತ್ತರಿಂದ ಎಪ್ಪತ್ತು ಪ್ರತಿಶತವನ್ನು 60ಕ್ಕೆ ಕೂಡಿಸಿದರೆ 140ರಿಂದ 153. ಇದು ಹಗುರ ಓಟದ ಮಿತಿ.

ಬಡಿತ ಮಾಪಕದ ದೊಡ್ಡ ಉಪಕಾರ ಇಲ್ಲಿದೆ. ಫಿಸಿಕಲ್‌ಗೆ ತಯಾರಾಗುವವರಲ್ಲಿ ದಿನವೂ 1600 ಮೀಟರನ್ನೇ ಉಸಿರುಗಟ್ಟಿ ಓಡುವ ಅಭ್ಯಾಸವಿದೆ. ಹೀಗೆ ದಿನಾಲೂ ದಮ್ಮು ಹತ್ತಿಸಿಕೊಂಡು ಓಡಿದರೆ ಮೊಣಕಾಲ ಕೆಳಗಿನ ಮೂಳೆ ನೋಯುತ್ತದೆ, ಸಮಯ ಮಾತ್ರ ಇಳಿಯುವುದಿಲ್ಲ. ವಾರದ ಹೆಚ್ಚಿನ ದಿನ ಮೇಲಿನ ಮಿತಿಯೊಳಗೆ, ಮಾತಾಡುತ್ತ ಓಡಬಲ್ಲಷ್ಟು ನಿಧಾನವಾಗಿ ಮುಕ್ಕಾಲು ಗಂಟೆ ಓಡಿ, ಒಂದೆರಡು ದಿನ ಮಾತ್ರ 400 ಮೀಟರಿನ ತುಂಡುಗಳನ್ನು ಗುರಿಯ ವೇಗದಲ್ಲಿ ಓಡುವುದು ಜಗತ್ತಿನ ನುರಿತ ತರಬೇತುದಾರರು ಒಪ್ಪಿದ ಕ್ರಮ. ನಿಧಾನ ಓಡುವುದು ಹುಡುಗರಿಗೆ ಅವಮಾನವೆನಿಸುತ್ತದೆ. ಆಗ ಮಣಿಕಟ್ಟಿನ ಅಂಕಿ ಹಿಂದಿನಿಂದ ಅಂಗಿ ಹಿಡಿದೆಳೆಯುವ ಅಣ್ಣನಂತೆ ಕೆಲಸ ಮಾಡುತ್ತದೆ. ತುಂಡುಗಳ ನಡುವೆ ಬಡಿತ 120ರ ಆಸುಪಾಸಿಗೆ ಇಳಿಯುವ ತನಕ ನಡೆದಾಡುವುದು, ವಾರದಿಂದ ವಾರಕ್ಕೆ ಹಾಗೆ ಇಳಿಯಲು ಹಿಡಿಯುವ ಹೊತ್ತು ಕಡಿಮೆಯಾಗುತ್ತಿದೆಯೇ ಎಂದು ನೋಡುವುದು ಇನ್ನೊಂದು ಉಪಯೋಗ.

ಪರೀಕ್ಷೆಯ 1600 ಮೀಟರಿನಲ್ಲಿ ಬಡಿತದ ಅಂಕಿಯಿಂದ ಪ್ರಯೋಜನವಿಲ್ಲ. ಹೃದಯ ಶ್ರಮಕ್ಕೆ ತಕ್ಕ ಮಟ್ಟಕ್ಕೆ ಏರಲು ಒಂದೆರಡು ನಿಮಿಷ ಬೇಕು, ಮೊದಲ ಸುತ್ತು ಅಷ್ಟರಲ್ಲಿ ಮುಗಿದಿರುತ್ತದೆ. ಮೂರನೇ ಸುತ್ತಿಗೆ ಎಲ್ಲರ ಬಡಿತವೂ ಗರಿಷ್ಠದ ಹತ್ತಿರವಿರುತ್ತದೆ. ಅಲ್ಲಿ ಎಣಿಕೆಗೆ ಬರುವುದು ಸುತ್ತಿನ ಸಮಯ ಒಂದೇ.

ಬಡಿತದ ಅಂಕಿಯಲ್ಲಿ ಬಿಸಿಲಿನ ಪಾಲು ದೊಡ್ಡದು. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳ ಬೆಳಗಿನ ಏಳು ಗಂಟೆಯೇ ತಡ. ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣ ತಗ್ಗುತ್ತದೆ, ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆಯಾಗಿ ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ. ವೇಗ ಬದಲಾಗದಿದ್ದರೂ ಅಂಕಿ ಏರುತ್ತ ಹೋಗುತ್ತದೆ. ನೀರು ನಿಂತ ಭತ್ತದ ಗದ್ದೆಗಳ ನಡುವೆ ಗಾಳಿಯ ತೇವಕ್ಕೆ ಬೆವರು ಆರದೆ ಇದು ಇನ್ನೂ ಜೋರು. ಆ ದಿನಗಳಲ್ಲಿ ಬಡಿತದ ಮಿತಿಯನ್ನು ಕಾಯ್ದು ವೇಗವನ್ನು ಬಿಟ್ಟುಕೊಡಬೇಕು. ದೇಹ ಬಿಸಿಲಿಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ದೇಹ ಆಮ್ಲಜನಕ ಬಳಸುವ ಸಾಮರ್ಥ್ಯದ ಬಗ್ಗೆ ಗಡಿಯಾರ ತೋರಿಸುವ ಅಂದಾಜು ವೇಗ ಮತ್ತು ಬಡಿತದ ಹೋಲಿಕೆಯಿಂದ ಬಂದದ್ದಾದ್ದರಿಂದ ಬೇಸಿಗೆಯಲ್ಲಿ ಕುಸಿದಂತೆ ಕಾಣಬಹುದು. ಅದಕ್ಕೆ ಎದೆಗುಂದಬೇಕಿಲ್ಲ.

ಕೊಳ್ಳುವಾಗ ಒಂದು ವಿಷಯ ಕೇಳಲೇಬೇಕು: ಜಿಪಿಎಸ್ ಗಡಿಯಾರದೊಳಗೇ ಇದೆಯೋ, ಫೋನಿನದನ್ನು ಎರವಲು ಪಡೆಯುತ್ತದೋ. ಅಗ್ಗದ ಸ್ಮಾರ್ಟ್‌ವಾಚುಗಳಲ್ಲಿ ಎರಡನೆಯದೇ ಹೆಚ್ಚು. ಫೋನನ್ನು ಮನೆಯಲ್ಲಿಟ್ಟು ಓಡಿದರೆ ಅವು ಹೆಜ್ಜೆ ಎಣಿಸಿ ದೂರ ಊಹಿಸುತ್ತವೆ. ಹಾಗೆ ನೋಡಿದರೆ ಮೈದಾನದ ತಯಾರಿಗೆ ಲ್ಯಾಪ್ ಗುಂಡಿಯಿರುವ ಸಾದಾ ಡಿಜಿಟಲ್ ಗಡಿಯಾರ ಮತ್ತು ನಾಡಿ ಎಣಿಸಲು ಎರಡು ಬೆರಳು ಸಾಕು. ಸಾಲ ಮಾಡಿ ದುಬಾರಿ ಗಡಿಯಾರ ಕೊಳ್ಳುವ ಬದಲು ಆ ಹಣದಲ್ಲಿ ಒಳ್ಳೆಯ ಬೂಟು ಕೊಳ್ಳುವುದು ಹೆಚ್ಚು ಉಪಯುಕ್ತ.

ಆರೋಗ್ಯ ಮತ್ತು ಖಾಸಗಿತನ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಆ ಭಯ ನಾಡಿನಲ್ಲಿ ಇನ್ನೂ ಆರಿಲ್ಲ. ಬಡಿತ ಎಣಿಸುವ ಗಡಿಯಾರ ಹೃದಯದ ನಾಳದಲ್ಲಿ ಅಡ್ಡಿಯಿದೆಯೇ ಎಂದು ಹೇಳಲಾರದು. ಸರಿಯಾದ ಅಂಕಿ ಕಂಡ ಮಾತ್ರಕ್ಕೆ ಹೃದಯ ಸರಿಯಿದೆ ಎನ್ನಲೂ ಆಗದು. ಎದೆ ಹಿಡಿದಂತಾಗುವುದು, ತಲೆಸುತ್ತು, ಓಡುವಾಗ ಪ್ರಜ್ಞೆ ತಪ್ಪುವುದು, ಮನೆತನದಲ್ಲಿ ಚಿಕ್ಕ ವಯಸ್ಸಿನ ಸಾವು, ಇವು ಇದ್ದರೆ ಗಡಿಯಾರ ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು. ಜಯದೇವ ಸಂಸ್ಥೆಯ ಶಾಖೆ ಕಲಬುರಗಿಯಲ್ಲೂ ಇದೆ. ಹುಡುಗಿಯರಲ್ಲಿ ಹಗುರ ಓಟಕ್ಕೂ ಬಡಿತ ವಿಪರೀತ ಏರಿ ಬೇಗ ಸುಸ್ತಾಗುತ್ತಿದ್ದರೆ ರಕ್ತಹೀನತೆ ಇರಬಹುದು. ತಾಲ್ಲೂಕು ಆಸ್ಪತ್ರೆಯ ಹಿಮೋಗ್ಲೋಬಿನ್ ತಪಾಸಣೆ ಮಾಡಿಸದೆ ಅವರನ್ನು ಇನ್ನಷ್ಟು ಓಡಿಸುವುದು ತಪ್ಪು. ವಿಶ್ರಾಂತಿಯ ಬಡಿತ ವಾಡಿಕೆಗಿಂತ ಹತ್ತರಷ್ಟು ಏರಿ ಎರಡು ಮೂರು ದಿನ ಇಳಿಯದಿದ್ದರೆ ಜ್ವರವೋ ನಿದ್ದೆಗೇಡೋ ಅತಿ ಅಭ್ಯಾಸವೋ ಕಾರಣವಿರುತ್ತದೆ. ಆ ದಿನ ಓಟ ಬೇಡ.

ಓಟದ ದಾಖಲೆಯಲ್ಲಿ ಓಡಿದ ದಾರಿ, ಹೊರಟ ಮನೆ, ಹೊರಡುವ ಹೊತ್ತು ಎಲ್ಲ ಇರುತ್ತವೆ. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ಆ್ಯಪಿನ ಜಾಗತಿಕ ನಕ್ಷೆಯಲ್ಲಿ ಸೈನಿಕ ನೆಲೆಗಳೇ ಬೆಳಗಿ ಕಂಡಿದ್ದವು. ನಸುಕಿನಲ್ಲಿ ಒಬ್ಬಳೇ ಕಾಲುವೆ ಏರಿಯ ಮೇಲೆ ಓಡುವ ಹುಡುಗಿಗೆ ಇದು ಬರೀ ತಾಂತ್ರಿಕ ಸಂಗತಿಯಲ್ಲ. ಖಾತೆಯನ್ನು ಪರಿಚಿತರಿಗೆ ಮಾತ್ರ ತೆರೆದಿಡುವುದು, ದಾರಿಯ ಮೊದಲ ಮತ್ತು ಕೊನೆಯ ಭಾಗವನ್ನು ನಕ್ಷೆಯಲ್ಲಿ ಮರೆಮಾಡುವುದು, ಓಟ ಮುಗಿಯುವ ಮುಂಚೆ ಏನನ್ನೂ ಹಂಚಿಕೊಳ್ಳದಿರುವುದು ಆ್ಯಪಿನ ಸೆಟ್ಟಿಂಗಿನಲ್ಲೇ ಸಾಧ್ಯ. ಹಲವು ಗಡಿಯಾರಗಳಲ್ಲಿ ಫೋನು ಜೊತೆಗಿದ್ದರೆ ಓಡುತ್ತಿರುವ ಜಾಗವನ್ನು ಮನೆಯವರೊಬ್ಬರಿಗೆ ಮಾತ್ರ ನೇರವಾಗಿ ತೋರಿಸುವ ಸೌಲಭ್ಯವೂ ಇದೆ. ಅದನ್ನು ಅಕ್ಕನಿಗೋ ಅಪ್ಪನಿಗೋ ಮೊದಲ ದಿನವೇ ಹೊಂದಿಸಿಕೊಡಬೇಕು.